ಹೊಟ್ಟೆ ತುಂಬಿದ ಉಣ್ಣಿ

ಶಬ್ದವನ್ನು ಬಿಡಿಸಿ ಅದರ ಧಾತುವನ್ನು ಕಾಣುವುದು ಗುರುಗಳ ಪಾದದ ಬಳಿ ಕುಳಿತು ನಾನು ಪಡೆದ ವಿದ್ಯೆ. ಹಾಗೆ ಬಿಡಿಸುವಾಗ ಮನಸ್ಸಿಗೆ ನೆಮ್ಮದಿ ದೊರೆಯುತ್ತದೆ. ಆದರೆ ಒಂದು ಕನ್ನಡ ಶಬ್ದದ ಮುಂದೆ ಮಾತ್ರ ನನ್ನ ವಿದ್ಯೆ ಇಂದಿಗೂ ತಡವರಿಸುತ್ತದೆ. ಉಣ್ಣಿ ಎಂಬುದು ಆ ಶಬ್ದ. ದನ, ಆಡು, ನಾಯಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳುವಿನ ಹೆಸರು ಅದು. ಉಣ್ಣುವುದರಿಂದಲೇ ಅದಕ್ಕೆ ಉಣ್ಣಿ ಎಂದು ಹೆಸರು ಬಂತೆಂದು ನನ್ನ ಸೋದರತ್ತೆ ನಂಬಿದ್ದಳು. ಆ ನಂಬಿಕೆ ವ್ಯಾಕರಣಕ್ಕೆ ಒಪ್ಪುವುದೋ ಇಲ್ಲವೋ ನಾನು ಎಂದೂ ಪರೀಕ್ಷಿಸಲು ಹೋಗಲಿಲ್ಲ. ಆ ಶಬ್ದ ಕಿವಿಗೆ ಬಿದ್ದರೆ ನಮ್ಮ ಹಿತ್ತಲಿನ ಕಲ್ಲುಗೋಡೆ ಕಣ್ಣೆದುರು ಬಂದು ನಿಲ್ಲುತ್ತದೆ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲವದು. ನಾನು ಪಾಠಶಾಲೆಯ ಅಧ್ಯಯನ ಮುಗಿಸಿ ಹುಬ್ಬಳ್ಳಿಗೆ ಮರಳಿ, ಮುಂಜಾನೆ ಕೆಲವು ವಿದ್ಯಾರ್ಥಿಗಳಿಗೆ ವ್ಯಾಕರಣ ಹೇಳುತ್ತಿದ್ದೆ. ಮನೆಯಲ್ಲಿದ್ದವರು ನಾನು ಮತ್ತು ಸೋದರತ್ತೆ ಇಬ್ಬರೇ. ಆಕೆಯನ್ನು ನಾವು ಅತ್ಯಾ ಎನ್ನುತ್ತಿದ್ದೆವು. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿಯಿಲ್ಲದ ನನ್ನನ್ನೂ ನನ್ನ ತಂಗಿಯನ್ನೂ ಸಾಕಿ ಬೆಳೆಸಿದವಳು. ಆ ವರ್ಷ ತಂಗಿ ಚೊಚ್ಚಲ ಹೆರಿಗೆಗೆಂದು ಬಂದಳು. ಹೆಣ್ಣುಕೂಸನ್ನು ಅತ್ಯಾಳ ಕೈಗಿತ್ತು, ನೀರು ಬೇಕೆಂದು ಕೇಳಿ, ನೀರು ಬರುವಷ್ಟರಲ್ಲಿ ಹೋಗಿಬಿಟ್ಟಳು. ಆಕೆಯ ಗಂಡ ರೈಲ್ವೆ ನೌಕರಿಯಲ್ಲಿ ದೂರದೂರಿನಲ್ಲಿದ್ದ. ಬಂದು ಕರ್ಮಗಳನ್ನು ಮುಗಿಸಿ, ಕೂಸನ್ನು ಅತ್ಯಾಳ ಬಳಿಯೇ ಬಿಟ್ಟು ಹಿಂದಿರುಗಿದ.

ಕೂಸಿಗೆ ಆಕಳ ಹಾಲು ದಕ್ಕಲಿಲ್ಲ. ಒಳಲೆಯಿಂದ ಹಾಕಿದ್ದೆಲ್ಲ ಮೊಸರಿನಂತೆ ಹೊರಬರುತ್ತಿತ್ತು. ವೈದ್ಯರು ನಾಡಿ ನೋಡಿ, ಆಡಿನ ಹಾಲೊಂದೇ ಇದಕ್ಕೆ ಅಮೃತ, ಅದೂ ಆಗ ಕರೆದದ್ದೇ ಆಗಬೇಕು ಎಂದರು. ಅಂದು ಸಂಜೆಯೇ ಬೆಂಗೇರಿಯ ಒಬ್ಬ ಮುಸಲ್ಮಾನ ಹಿರಿಯ ನಾಲ್ಕು ಆಡುಗಳನ್ನು ನಮ್ಮ ಹಿತ್ತಲಿಗೆ ಹೊಡೆದುಕೊಂಡು ಬಂದ. ಆಡು ಸಾಕುವುದೇ ಅವನ ಮನೆತನದ ಕಸುಬು. ಬೆಂಗೇರಿ ಆಗ ಊರ ಹೊರಗಿನ ಹಳ್ಳಿ; ಹಗಲೆಲ್ಲ ನಮ್ಮ ಆಡುಗಳು ಅವನ ಹಿಂಡಿನೊಡನೆ ಅಲ್ಲಿಯೇ ಮೇಯುತ್ತಿದ್ದವು, ದೀಪ ಹಚ್ಚುವ ಹೊತ್ತಿಗೆ ನಮ್ಮ ಹಿತ್ತಲಿನ ದಡ್ಡಿಗೆ ಮರಳುತ್ತಿದ್ದವು. ಕಲ್ಲಿನ ಮೇಲೆ ಕಲ್ಲಿಟ್ಟ, ಮಣ್ಣು ಮೆತ್ತದ ಗೋಡೆಯ ಕಟ್ಟು ಅದು, ಮೇಲೆ ಸೋಗೆ.

ಓಣಿಗೆ ಇದು ದೊಡ್ಡ ವಿನೋದವಾಯಿತು. ಬಾವಿಕಟ್ಟೆಯ ಮೇಲೆ ನೆರೆಮನೆಯ ಹಿರಿಯಳೊಬ್ಬಳು ಅತ್ಯಾಳಿಗೆ ಕೇಳಿಸಲೆಂದೇ ಆಡಿದ ಮಾತು ನನಗೆ ನೆನಪಿದೆ.

"ಮೊದಲ ಈ ಮನಿ ಮುಂದ ಹಾಯ್ದ್ರ ವೇದ ಕೇಳ್ತಿತ್ತು. ಈಗ ಬರೇ ಮ್ಯಾ ಅಂತ ಕೇಳ್ತದವಾ."

"ವೇದಕ್ಕ ಹಾಲು ಬರೂದಿಲ್ಲ ಅಕ್ಕಾ," ಎಂದಳು ಅತ್ಯಾ, ಕೊಡವನ್ನು ಸೊಂಟಕ್ಕೇರಿಸುತ್ತ. "ನಿಮ್ಮ ಮನ್ಯಾಗ ಬರ್ತಿದ್ರ ಒಂದ್ ತಂಬಿಗಿ ಕಳಸು."

ಅತ್ಯಾಳಿಗೆ ನಗು ಬರುತ್ತಿತ್ತು, ಆದರೆ ಆಕೆಯೊಳಗೆ ಒಂದು ಭೀತಿ ಮನೆಮಾಡಿತ್ತು. ತಂಗಿ ತೀರಿಕೊಂಡ ದಿನ ಆಕೆ ದೇವರ ಮುಂದೆ ಒಂದು ಹರಕೆ ಹೊತ್ತಿದ್ದಳು. "ಈ ಕೂಸು ಅನ್ನ ಉಣ್ಣೂತನಕ ಈ ಮನ್ಯಾಗ ಒಂದು ಜೀವಾನೂ ಹೋಗಗೊಡೂದಿಲ್ಲ. ಇದೊಂದು ಜೀವಾ ನೀ ಉಳಸು." ಅಂದಿನಿಂದ ನಮ್ಮ ಮನೆಯಲ್ಲಿ ಇರುವೆಯನ್ನು ಕೂಡ ಯಾರೂ ತುಳಿಯುವಂತಿರಲಿಲ್ಲ. ತಿಗಣೆ ಹತ್ತಿದ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಅವು ತಾವಾಗಿಯೇ ಹೋಗಲೆಂದು ಕಾಯುತ್ತಿದ್ದೆವು. ಆ ಹರಕೆಯ ಮುಂದೆ ನನ್ನ ಶಾಸ್ತ್ರಜ್ಞಾನ ಬಲು ಸಣ್ಣದೆನಿಸುತ್ತಿತ್ತು, ಅದನ್ನು ಪೂಜ್ಯಭಾವದಿಂದಲೇ ನೋಡುತ್ತಿದ್ದೆ.

ಆಡುಗಳು ಮೇವಿನಿಂದ ಮರಳಿದಾಗ ಅವುಗಳ ಕಿವಿಯೊಳಗೆ, ಬಾಲದ ಅಡಿಯಲ್ಲಿ, ಕೆಚ್ಚಲಿನ ಸಂದಿಯಲ್ಲಿ ಉಣ್ಣಿಗಳಿರುತ್ತಿದ್ದವು. ಕೆಲವು ಎಳ್ಳಿನಷ್ಟು, ಕೆಲವು ಹಣ್ಣಾದ ಕಾರಿಹಣ್ಣಿನಂತೆ ಉಬ್ಬಿದವು. ಅತ್ಯಾ ಅವನ್ನು ಕೀಳುವ ರೀತಿಯೇ ಬೇರೆ. ಬೆರಳ ತುದಿಗೆ ಔಡಲೆಣ್ಣೆ ಹಚ್ಚಿ, ಉಣ್ಣಿಯ ಬಾಯಿ ಸಡಿಲಾಗುವವರೆಗೂ ಕಾದು, ನೋಯದಂತೆ ಬಿಡಿಸಿ ತೆಂಗಿನ ಕರಟದಲ್ಲಿ ಇಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಕರಟವನ್ನು ದಡ್ಡಿಯ ಹಿಂದಿನ ಗೋಡೆಗೆ ಒಯ್ದು, ಕಲ್ಲುಗಳ ಸಂದಿಯಲ್ಲಿ, ನೆರಳಿರುವ ಕಡೆ, ಒಂದೊಂದನ್ನೇ ಇಳಿಸಿ ಬರುತ್ತಿದ್ದಳು.

"ಬೀದಿಗೆ ಚೆಲ್ಲಿಬಿಡು ಅತ್ಯಾ," ಎಂದೆ ಒಮ್ಮೆ.

"ಬೀದ್ಯಾಗ ಕೋಳಿ ತಿಂತಾವ. ಪಾಪ ಯಾರಿಗೆ?" ಎಂದಳು. "ಉಣ್ಣಿ ಅಂದ್ರ ಉಣ್ಣಲಿಕ್ಕೆ ಬಂದದ್ದು. ಉಂಡದ. ಹೊಟ್ಟಿ ತುಂಬಿದ ಜೀವಾ ನೆರಳಾಗ ಮಲಗ್ಲಿ."

ಆ ಮಾತನ್ನು ಕೇಳಿ ನನ್ನ ಕಣ್ಣು ತೇವಗೊಂಡದ್ದುಂಟು.

ಶ್ರಾವಣ ಮಾಸದಲ್ಲಿ, ಮಳೆ ಹಿಡಿದು ಹೊಳವಾದ ಒಂದು ಮುಂಜಾನೆ, ಹಿತ್ತಲಿನಿಂದ ಅತ್ಯಾ ನನ್ನನ್ನು ಕರೆದ ದನಿಯೇ ಬೇರೆಯಾಗಿತ್ತು. ಹೋಗಿ ನೋಡಿದೆ. ದಡ್ಡಿಯ ನೆಲದ ಮೇಲೆ ಓಕುಳಿ ಚೆಲ್ಲಿದಂತೆ ಕೆಂಪು ನೀರು ನಿಂತಿತ್ತು. ದೊಡ್ಡ ಆಡು ಗೋಡೆಗೆ ಒರಗಿ ಅಳ್ಳೆ ಹೊಡೆದುಕೊಳ್ಳುತ್ತಿತ್ತು.

"ಯಾರೋ ಕುಂಕುಮದ ನೀರು ಹಾಕಿ ಹೋಗ್ಯಾರ," ಎಂದಳು ಅತ್ಯಾ. "ಭಾನಾಮತಿ ಮಾಡ್ಯಾರ ತಮ್ಮಾ. ಕೂಸಿನ ಮ್ಯಾಲ."

ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಡು ಕಾಲು ಅಗಲಿಸಿ ನಿಂತು, ನಮ್ಮ ಕಣ್ಣೆದುರಿನಲ್ಲಿಯೇ ಆ ಕೆಂಪು ನೀರನ್ನು ಹೊಯ್ಯಿತು. ಅತ್ಯಾ ನನ್ನ ತೋಳನ್ನು ಹಿಡಿದುಕೊಂಡಳು. ಹೊರಗಿನವರು ಯಾರೂ ಬಂದಿರಲಿಲ್ಲ. ಆ ಓಕುಳಿ ಆಡಿನ ಒಡಲಿನಿಂದಲೇ ಬಂದಿತ್ತು. ಮಧ್ಯಾಹ್ನದೊಳಗೆ ಅದು ಸತ್ತಿತು. ಬೆಂಗೇರಿಯ ಹಿರಿಯ ಬಂದು ನೋಡಿ, ತಲೆಗೆ ಸುತ್ತಿದ ವಸ್ತ್ರವನ್ನು ತೆಗೆದು ಮುಖ ಒರೆಸಿಕೊಂಡ.

"ಹೊಸಾ ಹುಲ್ಲು ತಿಂದೈತ್ರಿ ಅವ್ವಾರ. ಶ್ರಾವಣದ ಹುಲ್ಲು ಕಾವು ಮಾಡತೈತಿ. ನಂದೂ ಒಂದೆರಡು ಹಿಂಗs ಹೋಗ್ಯಾವು. ಹೊಟ್ಟು ಹಾಕ್ರಿ, ಹೊರಗ ಬಿಡಬ್ಯಾಡ್ರಿ."

ಹಾಗೆಯೇ ಮಾಡಿದೆವು. ಮೂರೂ ಆಡುಗಳನ್ನು ಹಗಲು ರಾತ್ರಿ ಆ ಗೋಡೆಯ ನೆರಳಿನಲ್ಲಿಯೇ ಕಟ್ಟಿದೆವು. ಎರಡನೆಯದು ಆ ಪಕ್ಷದಲ್ಲಿಯೇ ಬಿತ್ತು. ಮೂರನೆಯದು ಮೇವು ಬಿಟ್ಟು, ಹಾಲು ಬತ್ತಿಸಿ ನಿಂತಿತು. ಉಳಿದದ್ದು ಎಲ್ಲಕ್ಕೂ ಸಣ್ಣದಾದ ಕರಿಯ ಆಡು. ಅದರ ಹಾಲು ಕೂಸಿಗೆ ಅರೆಹೊಟ್ಟೆಗಾಗುತ್ತಿತ್ತು. ಕೂಸು ಅತ್ತು ಅತ್ತು ದನಿ ಸೋತು, ಬಾಯಿ ಮಾತ್ರ ಅಳುವಂತೆ ತೆರೆಯುತ್ತಿತ್ತು. ಬೇರೆ ಆಡು ತರೋಣವೆಂದರೆ ಬೆಂಗೇರಿಯಲ್ಲಿಯೂ ಹಿಂಡು ಕಾಯಿಲೆ ಬಿದ್ದಿತ್ತು. ಕರಿಯ ಆಡೂ ಬಿದ್ದರೆ ಕೂಸಿಗೆ ಬೇರೆ ಗತಿಯಿರಲಿಲ್ಲ.

ಆ ಹಿರಿಯನೇ ಒಂದು ಸುದ್ದಿ ತಂದ. ಧಾರವಾಡದ ದನದ ದವಾಖಾನೆಯ ಡಾಕ್ಟರರು ಎತ್ತುಗಳಿಗೆ ದೊಡ್ಡ ಬೇನೆಯ ಲಸಿಕೆ ಚುಚ್ಚಲು ಬೆಂಗೇರಿಗೆ ಬಂದಿದ್ದಾರೆ. ನಾನು ಹೋಗಿ ಕೈಜೋಡಿಸಿ ನಿಂತೆ. ನಡುವಯಸ್ಸಿನ, ಬೊಜ್ಜು ಮೈಯ, ನಗುಮುಖದ ಮನುಷ್ಯ. ಆಡೆಂದು ಕೇಳಿ ನನ್ನ ಜುಟ್ಟನ್ನೂ ಜನಿವಾರವನ್ನೂ ಒಮ್ಮೆ ನೋಡಿದರು.

"ಶಾಸ್ತ್ರಿಗಳ, ಯಜ್ಞಕ್ಕ ಸಾಕೀರೋ ಏನು?"

"ಕೂಸಿನ ಹಾಲಿಗೆ," ಎಂದೆ. ಅವರು ಮತ್ತೆ ನಗಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ನನ್ನೊಡನೆ ಹೊರಟರು.

ಮನೆಗೆ ಬಂದವರು ಮೊದಲು ಮೂರನೆಯ ಆಡಿನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ತೋರಿಸಿದರು. ಒಳಗೆ ಸುಣ್ಣ ಬಳಿದಂತೆ ಬಿಳುಪು. "ಇಲ್ಲಿ ಕೆಂಪು ಇರಬೇಕ್ರಿ. ರಕ್ತ ಎಲ್ಲಾ ಒಡದು ಉಚ್ಚಿಯೊಳಗ ಹೊಂಟೈತಿ." ಕರಿಯ ಆಡಿನ ರೆಪ್ಪೆಯನ್ನೂ ಎಳೆದರು, ದಾಸವಾಳದ ಎಸಳಿನಂತೆ ಕೆಂಪಾಗಿತ್ತು. ಬಳಿಕ ಕಿವಿ ಮಗುಚಿ ನೋಡಿ, ಪಡಸಾಲೆಯಲ್ಲಿ ಕೂಸನ್ನು ತೂಗುತ್ತಿದ್ದ ಅತ್ಯಾಳನ್ನು ಕೂಗಿ ಕೇಳಿದರು:

"ತಾಯೀ, ಉಣ್ಣಿ ಬಾಳ ಅದಾವೇನ್ರಿ ನಿಮ್ಮನ್ಯಾಗ?"

ಅತ್ಯಾಳಿಗೆ ಕಿವಿ ತುಸು ಮಂದ. "ಉಣ್ಣಾವ್ರು ಇಬ್ಬರs ಇದ್ದೀವ್ರಿ. ಕೂಸಿನ್ನೂ ಹಾಲು ಕುಡೀತದ. ನೀವು ಉಂಡs ಹೋಗ್ರಿ, ಅಡಗಿ ಆಗ್ಯದ."

ಡಾಕ್ಟರರು ಹೊಟ್ಟೆ ಕುಲುಕುವಂತೆ ನಕ್ಕರು. ನಾನೂ ನಕ್ಕೆ. ನಮ್ಮ ಮನೆಯಲ್ಲಿ ಬಹಳ ದಿನಗಳ ಮೇಲೆ ಕೇಳಿದ ನಗೆ ಅದು. ನಗುತ್ತಲೇ ಅವರು ಸೂಜಿಯೊಂದನ್ನು ತೆಗೆದು, ಆಡಿನ ಕಿವಿಯ ಅಂಚಿನ ನರವನ್ನು ಚುಚ್ಚಿದರು. ಅತ್ಯಾ ಹೊಸ್ತಿಲಿನಲ್ಲಿ ನಿಂತುಬಿಟ್ಟಳು. ಒಂದು ಹನಿ ರಕ್ತ ಬಂತು. ಅದನ್ನು ಗಾಜಿನ ಪಟ್ಟಿಯ ತುದಿಗೆ ತಾಗಿಸಿ, ಇನ್ನೊಂದು ಗಾಜಿನಿಂದ ಹಿಂದೆ ಎಳೆದು, ತೆಳ್ಳಗೆ ಸಾರಿಸಿದರು. ರಕ್ತವೆಂಬುದು ಹೊಗೆಯಷ್ಟು ತೆಳ್ಳಗಾಗಬಲ್ಲದೆಂದು ನನಗೆ ತಿಳಿದಿರಲಿಲ್ಲ. ಕರಿಯ ಆಡಿನ ಕಿವಿಯಿಂದಲೂ ಹಾಗೆಯೇ ತೆಗೆದರು.

"ಕಣ್ಣು ಕೆಂಪೈತಿ ಅಂದ್ರ ಬ್ಯಾನಿ ಇಲ್ಲ ಅಂತ ಅಲ್ರಿ. ಒಳಗ ಹೊಕ್ಕಿದ್ದು ಹೊರಗ ಕಾಣೂದು ತಡಾ ಆಗತೈತಿ. ಧಾರವಾಡಕ್ಕ ಒಯ್ದು ನೋಡಬೇಕು. ನೀವೂ ಬರ್ರಿ, ಇವನ್ನ ನೀವs ಹಿಡ್ಕೋರಿ. ನನ್ನ ಪೆಟಗ್ಯಾಗ ಬಾಟ್ಲಿ ಬಡದು ಒಡದ್ರ ಮತ್ತ ಕಿವಿ ಚುಚ್ಚಬೇಕು."

ತೊಗಲಿನ ಚೀಲ ತಾಗಿದರೂ ಸ್ನಾನ ಮಾಡುತ್ತಿದ್ದ ನಾನು, ಹಾಗೆ ಕಾಗದದಲ್ಲಿ ಸುತ್ತಿದ ಆಡಿನ ರಕ್ತವನ್ನು ಮಡಿಲಲ್ಲಿಟ್ಟುಕೊಂಡು ಧಾರವಾಡದ ಗಾಡಿಯಲ್ಲಿ ಕುಳಿತೆ. ಕಾಗದವನ್ನು ಎರಡೂ ಕೈಗಳಿಂದ, ಸಾಲಿಗ್ರಾಮದ ಸಂಪುಟವನ್ನು ಹಿಡಿಯುವಂತೆ ಹಿಡಿದಿದ್ದೇನೆಂದು ನವಲೂರು ದಾಟಿದ ಮೇಲೆ ಗಮನಕ್ಕೆ ಬಂತು. ನಾಚಿಕೆಯಾಯಿತು, ಆದರೆ ಹಿಡಿತ ಸಡಿಲಿಸಲಿಲ್ಲ.

ದವಾಖಾನೆಯಲ್ಲಿ ಡಾಕ್ಟರರು ಗಾಜಿನ ಮೇಲೆ ನೀಲಿಯ ಔಷಧ ಹೊಯ್ದು, ತೊಳೆದು, ಒಣಗಿಸಿ, ಕಿಟಕಿಯ ಬೆಳಕಿಗೆ ಸೂಕ್ಷ್ಮದರ್ಶಕವನ್ನು ತಿರುಗಿಸಿದರು. ಬಹಳ ಹೊತ್ತು ನೋಡಿದ ಮೇಲೆ ನನ್ನನ್ನು ಕರೆದರು.

ಕಣ್ಣಿಟ್ಟೆ. ಕೆಂಪು ಎಂಬ ಒಂದು ದ್ರವವನ್ನು ಕಾಣುವೆನೆಂದುಕೊಂಡಿದ್ದೆ. ಕಂಡದ್ದು ಎಣಿಸಲಾಗದ ಬಿಲ್ಲೆಗಳು, ನಸುಗೆಂಪಾದ, ದುಂಡನೆಯ, ಒಂದರ ಪಕ್ಕಕ್ಕೆ ಒಂದು ಒತ್ತಿಕೊಂಡ ಬಿಲ್ಲೆಗಳು. ರಕ್ತವೆಂದರೆ ಒಂದು ಊರು. ಡಾಕ್ಟರರು ಬೆರಳಿನಿಂದ ಗಾಜನ್ನು ಕೂದಲೆಳೆಯಷ್ಟು ಸರಿಸಿದರು. ಆಗ ಕೆಲವು ಬಿಲ್ಲೆಗಳ ಒಳಗೆ, ಹುಣಸೆಯ ಎಲೆಯ ಜೋಡಿಯಂತೆ, ತೊಟ್ಟಿಗೆ ತೊಟ್ಟು ಕೂಡಿಸಿದ ಎರಡು ನೇರಳೆ ಬಣ್ಣದ ಚುಕ್ಕೆಗಳು ಕಂಡವು. ಪಕ್ಕದಲ್ಲಿ ಒಡೆದು ಬರಿದಾದ ಬಿಲ್ಲೆಗಳಿದ್ದವು.

"ಅವs ನೋಡ್ರಿ," ಎಂದರು. "ಜೋಡಿ ಜೋಡಿ ಇರತಾವು. ಉಣ್ಣಿ ಬಾಯಿಂದ ಬರತಾವು."

ನಾನು ತಲೆಯೆತ್ತಿದೆ. ಕಿಟಕಿಯ ಹೊರಗೆ ಬೇವಿನ ಮರ ಎಂದಿನಂತೆಯೇ ಇತ್ತು. ಸೃಷ್ಟಿ ಎಷ್ಟು ಆಳದವರೆಗೆ ತುಂಬಿದೆ ಎಂದು ಗುರುಗಳು ಹೇಳುತ್ತಿದ್ದದ್ದನ್ನು ನಾನು ಭಕ್ತಿಯಿಂದ ಕೇಳಿದ್ದೆ. ಆ ತುಂಬುವಿಕೆ ಹೀಗೂ ಇರಬಹುದೆಂದು ಎಣಿಸಿರಲಿಲ್ಲ.

ಎರಡನೆಯ ಗಾಜು ಕರಿಯ ಆಡಿನದು. ಅದನ್ನು ಅವರು ಇನ್ನೂ ಹೆಚ್ಚು ಹೊತ್ತು ನೋಡಿದರು. "ಇದರಾಗ ಏನೂ ಕಾಣವಲ್ದು. ಇದು ಇನ್ನೂ ಚೊಕ್ಕ ಐತಿ. ಇದನ್ನ ಉಳಿಸ್ಕೊಂಡ್ರ ಕೂಸು ಉಳೀತೈತಿ. ಉಣ್ಣಿ ಕಿತ್ತು ಏನ ಮಾಡ್ತೀರಿ? ಸುಡತೀರೋ, ಉಪ್ಪು ನೀರಿಗೆ ಹಾಕತೀರೋ?"

"ಕೊಲ್ಲುವುದಿಲ್ಲ," ಎಂದೆ. "ಹರಕೆಯಿದೆ. ಗೋಡೆಯ ಸಂದಿಯಲ್ಲಿ ಬಿಡುತ್ತೇವೆ."

"ಯಾವ ಗ್ವಾಡಿ?"

"ದಡ್ಡಿಯದು."

ಆ ನಗುಮುಖದವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕುಳಿತರು. ನಾನು ಅತ್ಯಾಳ ಮಾತನ್ನೇ ಹೇಳಿದೆ: ಹೊಟ್ಟೆ ತುಂಬಿದ ಜೀವ, ನೆರಳಿನಲ್ಲಿ ಮಲಗಲಿ ಎಂದು.

"ಶಾಸ್ತ್ರಿಗಳ," ಎಂದರು ನಿಧಾನವಾಗಿ, "ಅದು ಹೊಟ್ಟಿ ತುಂಬಿದ್ದಲ್ರಿ. ಬಸರಿ. ಉಬ್ಬಿದ್ದು ಹೆಣ್ಣು. ಕಲ್ಲಿನ ಸಂದ್ಯಾಗ ತಂಪು ಸಿಕ್ರ ಸಾವಿರಗಟ್ಟಲೆ ತತ್ತಿ ಇಡತೈತಿ, ಇಟ್ಟು ಸಾಯತೈತಿ. ತಾಯಿ ಒಡಲಾಗ ಬ್ಯಾನಿ ಇದ್ರ ಮರಿಗೂ ಬರತೈತಿ. ಮರಿ ಹಸದು ಮ್ಯಾಲ ಬರತಾವು. ನೀವು ಆಡು ಎಲ್ಲಿ ಕಟ್ಟೀರಿ?"

"ಅದೇ ಗೋಡೆಗೆ," ಎಂದೆ. "ರೋಗ ತಂದಾವ್ರು ಯಾರೋ," ಎಂದರು ಅವರು, "ಸಾಕಿದಾವ್ರು ನೀವು." ಅದರಲ್ಲಿ ಜರೆಯುವ ದನಿ ಇರಲಿಲ್ಲ. ನಾನು ಹಿಂದಿರುಗಿದ ಗಾಡಿಯಲ್ಲಿ ಯಾರು ಎದುರಿಗಿದ್ದರು, ಟಿಕೀಟು ಯಾರು ಕೇಳಿದರು ಒಂದೂ ನೆನಪಿಲ್ಲ. ಬರಿಗೈಗಳು ಮಡಿಲಿನಲ್ಲಿ ಕಾಗದ ಹಿಡಿದಂತೆಯೇ ಉಳಿದಿದ್ದವು.

ಸಂಜೆಯ ದೀಪ ಹಚ್ಚಿ ಕುಳಿತಿದ್ದ ಅತ್ಯಾಳಿಗೆ ನಾನು ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದೆ. ಆಕೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಣ್ಣು ಮಿಟುಕಿಸದೆ ಕೇಳಿದಳು.

"ತತ್ತಿ ಇಟ್ಟ ಮ್ಯಾಲ ತಾಯಿ?"

"ಸಾಯ್ತದಂತ."

"ಬಾಣಂತಿ ಸಾವು," ಎಂದಳು ಅತ್ಯಾ. ಕೂಸಿನ ಹೊದಿಕೆಯನ್ನು ಎಳೆದು ಸರಿಮಾಡಿದಳು. ಹೊರಗೆ ಕರಿಯ ಆಡು ಒಮ್ಮೆ ಕೂಗಿತು; ಇಬ್ಬರೂ ಬೆಚ್ಚಿದೆವು.

"ನೀ ಓದಿದಾಂವ," ಎಂದಳು ಕೊನೆಗೆ. "ಹರಕಿ ಮುರದ್ರ ಯಾರಿಗೆ ತಟ್ತದ, ಹೇಳು. ಹೊತ್ತಾಕಿಗೋ, ಯಾರ ಸಲುವಾಗಿ ಹೊತ್ತದ್ದೋ ಅದಕ್ಕೋ?"

ಆಕೆಯ ಭೀತಿ ಏನೆಂದು ಆಗ ಸ್ಪಷ್ಟವಾಯಿತು. ಗೋಡೆಯನ್ನು ಸುಟ್ಟರೆ ದೇವರು ಕೂಸನ್ನು ಒಯ್ಯಬಹುದು. ಸುಡದಿದ್ದರೆ ಹಸಿವೆ ಒಯ್ಯುವುದು. ನಾನು ಓದಿದ ಗ್ರಂಥಗಳಲ್ಲಿ ವ್ರತಭಂಗಕ್ಕೆ ಪ್ರಾಯಶ್ಚಿತ್ತಗಳಿದ್ದವು. ಆದರೆ ಆ ಘಳಿಗೆಯಲ್ಲಿ ನನ್ನ ನೆರವಿಗೆ ಬಂದದ್ದು ಆಕೆಯದೇ ಮಾತಿನ ಪದಚ್ಛೇದ.

"ಅತ್ಯಾ, ನೀ ಕೊಲ್ಲೂದಿಲ್ಲ ಅಂತ ಅಂದಿರಲಿಲ್ಲ. ಒಂದು ಜೀವಾನೂ ಹೋಗಗೊಡೂದಿಲ್ಲ ಅಂದಿದ್ದಿ. ಎರಡು ಆಡು ಹೋದವು. ಹರಕಿ ಮೊದಲನೇ ಆಡು ಬಿದ್ದಾಗs ಮುರದದ. ನಮಗ ಗೊತ್ತಾಗಿದ್ದು ಇವತ್ತು."

ಆಕೆಯ ಮುಖದ ಬಣ್ಣ ಇಳಿದುದನ್ನು ದೀಪದ ಬೆಳಕಿನಲ್ಲಿ ಕಂಡೆ. ಇಷ್ಟು ಕಠಿಣವಾಗಿ ನಾನು ಆಕೆಯೊಡನೆ ಅದುವರೆಗೆ ಮಾತಾಡಿರಲಿಲ್ಲ. ಅತ್ಯಾ ಕೂಸಿನ ಹಣೆಯ ಮೇಲೆ ಅಂಗೈಯಿಟ್ಟಳು.

"ಮುರದು ಇಷ್ಟು ದಿನಾ ಆತು. ಅಂವಾ ಇದನ್ನ ಒಯ್ದಿಲ್ಲ," ಎಂದಳು, ತನಗೆ ತಾನೇ. ಬಳಿಕ ನನ್ನ ಕಡೆ ತಿರುಗಿ: "ನಾಳೆ ಮುಂಜಾನೆ ಚಿಮಣಿ ಎಣ್ಣಿ ತಾ. ಬೆಂಗೇರಿ ಸಾಹೇಬಗ ಮಾಡಂತ ಹೇಳಬ್ಯಾಡ, ನೀನೂ ಕೈ ಹಚ್ಚಬ್ಯಾಡ. ನೆರಳಾಗ ಮಲಗಿಸಿದಾಕಿ ನಾನು."

ಮರುದಿನ ಕರಿಯ ಆಡನ್ನೂ ಬೇನೆಯ ಆಡನ್ನೂ ಮುಂಬಾಗಿಲಿನ ಕಟ್ಟೆಗೆ ಕಟ್ಟಿ, ಸೋಗೆಯನ್ನು ಇಳಿಸಿದೆವು. ಅತ್ಯಾ ಸ್ನಾನ ಮಾಡಿ, ಒದ್ದೆಯ ಸೀರೆಯಲ್ಲಿಯೇ ಬಂದು, ಗೋಡೆಯ ಸಂದಿಗಳಲ್ಲಿ ಒಣಹುಲ್ಲು ತುರುಕಿ ಎಣ್ಣೆ ಹೊಯ್ದಳು. ಒಂದು ಕಲ್ಲನ್ನು ಸರಿಸಿದಾಗ ಅದರ ಹಿಂದೆ ರಾಗಿ ಚೆಲ್ಲಿದಂತೆ ಏನೋ ಕಂಡಿತು. ರಾಗಿ ಸರಿದಾಡುತ್ತಿತ್ತು. ಅತ್ಯಾ ಒಂದು ಹೆಜ್ಜೆ ಹಿಂದೆ ಬಂದಳು. ಆಮೇಲೆ ಕೈಜೋಡಿಸಿ, ಬೆಂಕಿ ಇಟ್ಟಳು.

ಎಳ್ಳು ಹುರಿಯುವಾಗ ಬರುವ ಸಪ್ಪಳ ಗೊತ್ತಿರುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಸಪ್ಪಳ ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಿತು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಾವು ಇಬ್ಬರೂ ಅಲ್ಲಿಯೇ ನಿಂತೆವು. ಬಾವಿಕಟ್ಟೆಯ ಹಿರಿಯಳು ಹೊಗೆ ಕಂಡು ಬಾಗಿಲಿಗೆ ಬಂದವಳು, ಏನೂ ಕೇಳದೆ ಹಿಂದಿರುಗಿದಳು. ಆರಿದ ಮೇಲೆ ಸುಣ್ಣ ಹೊಯ್ದು ಸಂದಿಗಳನ್ನೆಲ್ಲ ಮುಚ್ಚಿಸಿದೆವು. ಅತ್ಯಾ ಮತ್ತೆ ಸ್ನಾನ ಮಾಡಿದಳು, ಆದರೆ ದೇವರಮನೆಯ ಹೊಸ್ತಿಲು ದಾಟಲಿಲ್ಲ. "ಪೂಜಿ ನೀ ಮಾಡು," ಎಂದಳಷ್ಟೇ.

ಅಂದು ಮಧ್ಯಾಹ್ನ ಡಾಕ್ಟರರು ಬಂದು ಬೇನೆಯ ಆಡಿನ ಕೊರಳ ನರಕ್ಕೆ ಕಡುನೀಲಿಯ ಔಷಧವನ್ನು ಏರಿಸಿದರು. ಆಡು ಉಳಿಯಿತು, ಆದರೆ ಅದರ ಒಸಡು, ನಾಲಗೆ, ಕಣ್ಣಿನ ಬಿಳಿ ಎಲ್ಲ ನೀಲಿಗಟ್ಟಿದವು. ಮತ್ತೆ ಇಳಿದ ಹಾಲಿನಲ್ಲಿಯೂ ನೀಲಿಯ ಛಾಯೆಯಿತ್ತು. ಅದನ್ನು ಕೂಸಿಗೆ ಹಾಕಬಾರದೆಂದು ಅವರು ಮೊದಲೇ ಹೇಳಿದ್ದರು. ಅತ್ಯಾ ಆ ಹಾಲನ್ನು ದಿನವೂ ತುಳಸಿಯ ಬುಡದಿಂದ ದೂರ, ಬೇಲಿಗೆ ಹೊಯ್ದು ಬರುವಾಗ ಆಡಿನ ನೀಲಿ ಕಣ್ಣನ್ನು ನೋಡಿ, ವಿಷ ಕುಡಿದು ನೀಲಿಗಟ್ಟಿದ ದೇವರಿಗೆ ಬಾಗುವಂತೆ ತಲೆಬಾಗಿಸುತ್ತಿದ್ದಳು.

ಕೂಸು ಕರಿಯ ಆಡಿನ ಹಾಲಿನಿಂದಲೇ ಆ ಮಳೆಗಾಲವನ್ನು ದಾಟಿತು. ದಿನವೂ ಮುಂಜಾನೆ ಹಾಲು ಕರೆಯುವ ಮೊದಲು ಅತ್ಯಾ ಆಡಿನ ಕಿವಿ, ಬಾಲ ತಡವಿ, ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಎಳೆದು ನೋಡುತ್ತಿದ್ದಳು. ಉಣ್ಣಿ ಸಿಕ್ಕರೆ ಮುಖ ತಿರುಗಿಸಿಕೊಂಡು ಕೆಂಡಕ್ಕೆ ಹಾಕುತ್ತಿದ್ದಳು. ಕರೆದ ಹಾಲನ್ನು ತಾನು ಎಂದೂ ಬಾಯಿಗೆ ಮುಟ್ಟಿಸಲಿಲ್ಲ. ಆ ವರ್ಷದಿಂದ ಆಕೆ ಹಾಲು, ಮೊಸರು, ತುಪ್ಪಗಳನ್ನು ಬಿಟ್ಟವಳು ಕೊನೆಯವರೆಗೂ ಬಿಟ್ಟೇ ಇದ್ದಳು.

ದೀಪಾವಳಿ ಕಳೆದ ಮೇಲೆ ಅನ್ನಪ್ರಾಶನವಾಯಿತು. ಕೂಸಿನ ತಂದೆ ಬಂದಿದ್ದ. ಬೆಂಗೇರಿಯ ಹಿರಿಯ ಪಡಸಾಲೆಯ ಕೆಳಗೆ ಕುಳಿತು ನೋಡುತ್ತಿದ್ದ. ಅತ್ಯಾ ಮಾತ್ರ ಪಾಯಸದ ಬಟ್ಟಲನ್ನು ನನ್ನ ಕೈಗಿತ್ತು ದೂರ ನಿಂತಳು. ನಾನು ಮೊದಲ ತುತ್ತನ್ನು ಕೂಸಿನ ನಾಲಗೆಗೆ ಇಟ್ಟೆ. ಅದು ಮುಖ ಕಿವಿಚಿ, ಯೋಚಿಸಿ, ನುಂಗಿತು.

"ಉಂಡಳು ಅತ್ಯಾ," ಎಂದೆ.

ಆಗ ಆಕೆ ಹತ್ತಿರ ಬಂದಳು. ಮುದ್ದಿಸುವಳೆಂದು ಎಲ್ಲರೂ ನೋಡುತ್ತಿರಲು, ಕೂಸಿನ ಗಲ್ಲವನ್ನು ಹಿಡಿದು, ಹೆಬ್ಬೆರಳಿನಿಂದ ಅದರ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದಳು. ಬಾಗಿಲಿನ ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು.

"ಕೆಂಪದ," ಎಂದಳು.